ಬೊಟ್ಟಿಲ್ಲದ ಕಂಪ್ಯೂಟರ್

ನಮ್ಮನೆಯಲ್ಲಿ ಅಣ್ಣ ತಮ್ಮಂದಿರ ಜಗಳ ಶುರುವಾದರೆ ನಾನು ಅಡುಗೆಮನೆಯಲ್ಲಿ ನಿಂತಲ್ಲೇ ದೇವರಿಗೆ ಕೈಮುಗಿಯುತ್ತೇನೆ. ಭಜನಾ ಮಂಡಳಿಯ ಹೆಂಗಸರಿಗೆ ಇದನ್ನು ಹೇಳಿದರೆ, "ಜಗಳ ಆದ್ರೆ ಖುಷಿಪಡೋಳು ನೀನೊಬ್ಳೇ ಕಣಮ್ಮ" ಅನ್ನುತ್ತಾರೆ. ಅವರಿಗೆ ಗೊತ್ತಿರುವ ಜಗಳವೇ ಬೇರೆ. ನಮ್ಮನೆಯದು ಕಂಪ್ಯೂಟರಿನ ಜಗಳ. ಅದನ್ನು ನಡೆಸುವುದಕ್ಕೆ ವಿಂಡೋಸ್ ಒಳ್ಳೆಯದೋ ಲಿನಕ್ಸ್ ಒಳ್ಳೆಯದೋ, ಯಾವುದರಲ್ಲಿ ಕಳ್ಳಕಾಕರ ಭಯ ಕಡಿಮೆ ಅನ್ನುವ ಜಗಳ. ನಮ್ಮ ಯಜಮಾನರು ವಿಂಡೋಸ್ ಕಡೆ, ನನ್ನ ಮೈದುನ ಲಿನಕ್ಸ್ ಕಡೆ. ಈ ಜಗಳ ಎಂದೂ ಮುಗಿಯದಿರಲಿ ಅಂತ ನಾನು ಬೇಡಿಕೊಂಡದ್ದಿದೆ. ಯಾಕೆ ಅಂತ ಹೇಳಬೇಕಾದರೆ ಮೊದಲು ಮನೆಯ ವಿಷಯ ಹೇಳಬೇಕು.

ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಮಾವನವರು ಕಟ್ಟಿಸಿದ ಮನೆ ನಮ್ಮದು. ಆಮೇಲೆ ಅದರ ಮೇಲೊಂದು ಅಂತಸ್ತು ಎದ್ದಿತು. ಈಗ ಎರಡೂ ಪಕ್ಕದಲ್ಲಿ ಎತ್ತರದ ಕಟ್ಟಡಗಳು ಬಂದು ನಮ್ಮ ಅಂಗಳಕ್ಕೆ ಬಿಸಿಲು ಬೀಳುವುದೇ ಹೊತ್ತೇರಿದ ಮೇಲೆ. ಬೀಳುತ್ತದಲ್ಲ, ಸಾಕು, ಹಪ್ಪಳ ಒಣಗುತ್ತದೆ. ಅತ್ತೆಯವರು ತೀರಿಕೊಂಡ ಮೇಲೆ ಮನೆ ಪಾಲಾಯಿತು. ಕೆಳಗಿನದು ನಮಗೆ, ಮೇಲಿನದು ಮೈದುನನಿಗೆ. ಹಿರಿಯರು ಕೂತು ಮಾತಾಡಿದರು, ಇಬ್ಬರೂ ಸಹಿ ಹಾಕಿದರು, ಎಲ್ಲರೂ ಊಟ ಮಾಡಿ ಎದ್ದರು. ಒಬ್ಬರೂ ದನಿ ಏರಿಸಲಿಲ್ಲ. ಅದೇ ಕಷ್ಟವಾಯಿತೇನೋ ಅಂತ ಈಗ ಅನ್ನಿಸುತ್ತದೆ. ಬೈದಾಡಿಕೊಂಡಿದ್ದರೆ ಯಾವುದಾದರೂ ಹಬ್ಬದ ದಿನ ರಾಜಿಯಾಗಬಹುದಿತ್ತು. ಬೈಯದೇ ಇದ್ದವರು ಯಾವುದಕ್ಕೆ ಅಂತ ರಾಜಿಯಾಗುವುದು?

ಮಾತು ಸದ್ದಿಲ್ಲದೆ ಕಡಿಮೆಯಾಗುತ್ತ ಬಂತು. ಒಂದೇ ಅಂಗಳದಲ್ಲಿ ಅಣ್ಣ ಗಿಡಕ್ಕೆ ನೀರು ಹಾಕುತ್ತ ನಿಂತಿರುವಾಗಲೇ ತಮ್ಮ ಬಂದು, "ಅತ್ತಿಗೆ, ಟ್ಯಾಂಕ್ ಖಾಲಿ ಆಗಿದೆ, ಮೋಟರ್ ಹಾಕ್ಬೇಕಂತ ಅಣ್ಣಂಗೆ ಹೇಳಿ" ಅನ್ನುತ್ತಿದ್ದ. ಇವರು ನನ್ನ ಕಡೆ ತಿರುಗಿ, "ಹಾಕಿದೀನಿ ಅಂತ ಹೇಳು" ಅನ್ನುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಈ ತಮ್ಮ ಅಣ್ಣನ ಸೈಕಲ್ಲಿನ ಹಿಂದೆ ಕೂತು ಶಾಲೆಗೆ ಹೋಗುತ್ತಿದ್ದವನು. ಅದನ್ನು ನೋಡಿದ್ದ ಕಣ್ಣಿಗೆ ಇದನ್ನು ನೋಡುವುದು ಹಿಂಸೆಯಾಗುತ್ತಿತ್ತು. ಪಾಲು ಅನ್ನುವ ಮಾತನ್ನಂತೂ ಇಬ್ಬರೂ ಬಾಯಿಗೆ ತರುತ್ತಿರಲಿಲ್ಲ.

ಹೀಗಿರುವಾಗ, ಟಿ. ದಾಸರಹಳ್ಳಿಗೆ ಮದುವೆ ಮಾಡಿಕೊಟ್ಟ ನಮ್ಮ ಮಗಳು ತಾನು ಬಳಸುತ್ತಿದ್ದ ಕಂಪ್ಯೂಟರನ್ನು ಅಪ್ಪನಿಗೆ ಕೊಟ್ಟು ಹೋದಳು. ಇವರು ಪೀಣ್ಯದ ಕಡೆ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ಅಲ್ಲಿ ದಿನದ ಕೆಲಸದ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಬರೆಯುತ್ತಿದ್ದುದರಿಂದ ಟೈಪಿಂಗ್ ಬರುತ್ತಿತ್ತು. ನಮ್ಮ ಮಂಡಳಿಯ ಹೆಂಗಸರಿಗೆ ಕಣ್ಣು ಮಂಜು. ಅಚ್ಚಿನ ಪುಸ್ತಕದ ಅಕ್ಷರ ಕಾಣುವುದಿಲ್ಲ. ಇವರು ದೇವರನಾಮಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಕೊಡತೊಡಗಿದರು. ಕೂತು ಮಾಡುವ ಕೆಲಸ ಸಿಕ್ಕಿತು, ಅದೂ ದೇವರ ಕೆಲಸ. ನನಗೆ ಅಷ್ಟೇ ದೊಡ್ಡ ಸಮಾಧಾನವಾಗಿತ್ತು. ಅದಕ್ಕಿಂತ ದೊಡ್ಡದು ಹಿಂದೆಯೇ ಬರುತ್ತಿತ್ತು ಅನ್ನುವುದು ಗೊತ್ತಿರಲಿಲ್ಲ.

ಮೈದುನ ಯಲಹಂಕದ ಕಡೆ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಒಂದು ಸಂಜೆ ಮೆಟ್ಟಿಲು ಹತ್ತುವವನು ನಮ್ಮ ಬಾಗಿಲಲ್ಲಿ ನಿಂತುಬಿಟ್ಟ. ಒಳಗೆ ಇವರು ಕಂಪ್ಯೂಟರ್ ಆನ್ ಮಾಡಿ ಕೈಕಟ್ಟಿಕೊಂಡು ಕಾಯುತ್ತ ಕೂತಿದ್ದರು. ಪರದೆಯ ಮೇಲೆ ಚುಕ್ಕಿಗಳು ಗಿರಗಿರ ಸುತ್ತುತ್ತಿದ್ದವು. ನಾನು ಹೂ ಕಟ್ಟುತ್ತಿದ್ದೆ. ಅವನು ಒಂದಷ್ಟು ಹೊತ್ತು ತಡೆದುಕೊಂಡ. ಆಮೇಲೆ ಆಗಲಿಲ್ಲ.

"ಅಣ್ಣ, ಇದ್ಯಾಕೆ ಇಷ್ಟೊತ್ತು?"

ಇವರು ತಿರುಗಿ ನೋಡಿದರು. ಅಷ್ಟು ದಿನಗಳ ಮೇಲೆ ತಮ್ಮ ನೇರವಾಗಿ ತಮಗೇ ಆಡಿದ ಮಾತು. "ಏಳ್ತಾ ಐತೆ. ವಯಸ್ಸಾಯ್ತಲ್ಲ, ನನ್ನಂಗೆ."

"ವಯಸ್ಸಲ್ಲಣ್ಣ, ವಿಂಡೋಸು. ಲಿನಕ್ಸ್ ಹಾಕು, ಹೆಂಗೆ ಓಡುತ್ತೆ ನೋಡು. ಫ್ರೀ ಬೇರೆ."

"ಪುಕ್ಕಟೆ ಕೊಡೋನು ಯಾವನೋ ಅವನು? ಏನೋ ಮನಸಲ್ಲಿ ಇಟ್ಕೊಂಡೇ ಕೊಟ್ಟಿರ್ತಾನೆ."

"ನಿಮ್ಮ ದೇವಸ್ಥಾನದಲ್ಲಿ ಪುಳಿಯೋಗರೆ ಫ್ರೀಯಾಗೇ ತಾನೆ ಕೊಡೋದು? ಏನ್ ಮನಸಲ್ಲಿ ಇಟ್ಕೊಂಡಿರ್ತಾರೆ ಅಂತ ಕೇಳ್ತೀಯಾ?"

ನನಗೆ ನಗು ಬಂತು. ಇವರಿಗೆ ಸಿಟ್ಟು ಬಂತು. ಮೈದುನ ಚಪ್ಪಲಿ ಬಿಟ್ಟು ಒಳಗೆ ಬಂದ. ನಾನು ಹೂವನ್ನು ಅಲ್ಲೇ ಬಿಟ್ಟು ಕಾಫಿಗೆ ಹಾಲಿಟ್ಟೆ.

ಅಲ್ಲಿಂದ ಇದು ದಿನದ ಪಾಠವಾಯಿತು. ಕಾಲೇಜಿನಿಂದ ಬಂದವನು ಮೇಲೆ ಹೋಗುವ ಮುಂಚೆ ಕೆಳಗೆ ಬರುತ್ತಿದ್ದ. ನಾನು ಬೇಕೆಂದೇ ಅವರೆಕಾಳು ಹುರಿದಿಡುವುದು, ಕೋಡುಬಳೆ ಕರಿದಿಡುವುದು ಮಾಡುತ್ತಿದ್ದೆ, ಬೇಗ ಏಳದಿರಲಿ ಅಂತ. ಅವರ ಮಾತು ಕೇಳಿ ಕೇಳಿ ನನಗೂ ಸ್ವಲ್ಪ ಸ್ವಲ್ಪ ಅರ್ಥವಾಗತೊಡಗಿತು.

ಲಿನಕ್ಸಿನ ಒಳಗೆ ಏನಿದೆ ಅಂತ ಯಾರು ಬೇಕಾದರೂ ತೆಗೆದು ನೋಡಬಹುದಂತೆ. ವಿಂಡೋಸಿನ ಒಳಗನ್ನು ಮಾಡಿದವರು ಮಾತ್ರ ನೋಡುತ್ತಾರಂತೆ. "ಬಾಗಿಲು ತೆಗೆದಿಟ್ಟ ಅಡುಗೆಮನೆ ಇದ್ದಂಗೆ ಕಣಣ್ಣ. ಅಕ್ಕಿಯಲ್ಲಿ ಕಲ್ಲಿದ್ರೆ ಯಾರೋ ಒಬ್ರು ನೋಡಿ ಆರಿಸಿ ಹಾಕ್ತಾರೆ," ಅಂದ ಮೈದುನ.

ಇವರು ಕೋಡುಬಳೆ ಮುರಿಯುತ್ತ ಯೋಚಿಸಿದರು. "ಮದ್ವೆ ಮನೇಲಿ ಅಡುಗೆಮನೆ ಬಾಗಿಲು ತೆಗ್ದೇ ಇರುತ್ತೆ. ಸಾಂಬಾರಿಗೆ ಉಪ್ಪು ಬಿದ್ದಿದೆಯಾ ಅಂತ ಒಬ್ನೂ ನೋಡಲ್ಲ. ಎಲ್ರೂ ಬೇರೆಯೋರು ನೋಡಿರ್ತಾರೆ ಅಂತ ಅನ್ಕೊಂಡಿರ್ತಾರೆ. ಆಮೇಲೆ ಎಲೆ ಮುಂದೆ ಕೂತ್ಕೊಂಡು ಉಪ್ಪು ಉಪ್ಪು ಅಂತ ಕೂಗ್ತಾರೆ."

ಆ ದಿನ ತಮ್ಮ ಕೋಡುಬಳೆ ಮುಗಿಸಿ ಮೇಲೆ ಹೋದ. ಮಾರನೆಯ ದಿನ ಉತ್ತರ ಹೊಳೆಸಿಕೊಂಡು ಬಂದ.

ಇನ್ನೊಮ್ಮೆ ಮೈದುನ ತನ್ನ ಲ್ಯಾಪ್‌ಟಾಪನ್ನೇ ಕೆಳಗೆ ತಂದು ಇವರ ಕೈಗೆ ಕೊಟ್ಟ. ಏನೋ ಹೊಸದು ಹಾಕಿಕೊಳ್ಳಲು ಹೋದರೆ ಅದು ಪಾಸ್‌ವರ್ಡ್ ಕೇಳಿತು. "ನೋಡೇ, ಮನೆ ಯಜಮಾನನ್ನೇ ಯಾರು ನೀನು ಅಂತ ಕೇಳ್ತಾ ಐತೆ ಇದು," ಅಂತ ಇವರು ನನ್ನನ್ನು ಕರೆದರು.

"ಹಾಲಲ್ಲಿ ಹೆಂಗ್ ಬೇಕಾದ್ರೂ ಓಡಾಡು ಅಣ್ಣ, ಅದು ಕೇಳಲ್ಲ. ದೇವರ ಮನೆಗೆ ಹೋಗೋವಾಗ ಮಾತ್ರ ಸ್ನಾನ ಮಾಡಿದೀಯಾ ಅಂತ ಕೇಳುತ್ತೆ. ತಪ್ಪಾ ಅದು?"

"ವಿಂಡೋಸೂ ಕೇಳುತ್ತಪ್ಪಾ. ಯೆಸ್ಸೋ ನೋವೋ ಅಂತ."

"ಕೇಳಿದಾಗ ಓದ್ತೀಯಾ?"

"ಓದೋದೇನು? ಯೆಸ್ ಒತ್ತುದ್ರೆ ಆಯ್ತಲ್ಲ."

"ಅತ್ತಿಗೆ, ಕೇಳಿಸ್ಕೊಂಡ್ರಾ? ಸ್ನಾನ ಆಯ್ತಾ ಅಂದ್ರೆ ಹೂಂ ಅನ್ನೋದು, ಬಚ್ಚಲ ಮನೆ ಕಡೆ ತಲೆನೂ ಹಾಕಿರಲ್ಲ."

ನನಗೆ ಯಾರು ಸರಿ ಅಂತ ಈಗಲೂ ತಿಳಿಯದು. ದೇವಸ್ಥಾನದ ಪಾಕಶಾಲೆಗೆ ನಮ್ಮನ್ನು ಬಿಡುವುದಿಲ್ಲ, ಆದರೂ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತೇವೆ. ಹಾಗೆ ನೋಡಿದರೆ ಇವರದು ಸರಿ. ಊರಹಬ್ಬದ ಅಡುಗೆಯಲ್ಲಿ ನಾವೇ ತರಕಾರಿ ಹೆಚ್ಚುತ್ತೇವೆ, ಅದಕ್ಕೇ ಅದರ ಮೇಲೆ ನಂಬಿಕೆ. ಹಾಗೆ ನೋಡಿದರೆ ಮೈದುನನದು ಸರಿ. ಹೊಸ ವಿಂಡೋಸು ಈ ಹಳೆಯ ಕಂಪ್ಯೂಟರಿನಲ್ಲಿ ಕೂರುವುದಿಲ್ಲ ಅಂತ ಆಗಾಗ ಪರದೆಯ ಮೇಲೆ ಸೂಚನೆ ಬರುತ್ತಿತ್ತು. ಬಂದಾಗಲೆಲ್ಲ ಇವರು ತಮ್ಮ ನೋಡುವ ಮುಂಚೆ ಅದನ್ನು ಮುಚ್ಚಿಬಿಡುತ್ತಿದ್ದರು. ಮೋಟರಿನ ವಿಷಯವನ್ನು ನನ್ನ ಬಾಯಿಂದ ಹೇಳಿಸುವುದು ಯಾವತ್ತು ನಿಂತಿತೋ ನನಗೆ ನೆನಪಿಲ್ಲ. ಒಂದು ದಿನ ನೋಡುತ್ತೇನೆ, ಮೇಲಿನಿಂದ "ಅಣ್ಣ, ಮೋಟರ್ರು!" ಅಂತ ಕೂಗು ಬಂತು, ಕೆಳಗಿನಿಂದ "ಹಾಕ್ದೆ ಕಣೋ!" ಅಂತ ಉತ್ತರ ಹೋಯಿತು. ಆ ದಿನ ತುಪ್ಪದ ದೀಪ ಹಚ್ಚಿದೆ.

ಆ ವರ್ಷದ ಆಯುಧಪೂಜೆಗೆ ಇವರು ಕಾರ್ಖಾನೆಯ ಪದ್ಧತಿಯಂತೆ ಕಂಪ್ಯೂಟರನ್ನು ಆರಿಸಿ, ಒರೆಸಿ, ವಿಭೂತಿ ಬಳಿದು, ನೆತ್ತಿಯ ಮೇಲೆ ಕುಂಕುಮದ ಬೊಟ್ಟಿಟ್ಟರು. ಮೌಸಿಗೂ ಒಂದು ಬೊಟ್ಟು. "ಬೊಟ್ಟಿಟ್ರೆ ವೈರಸ್ ಬರಲ್ವಾ ಅಣ್ಣ?" ಅಂತ ಮೈದುನ ಛೇಡಿಸಿದ. "ತಾ ಇಲ್ಲಿ, ನಿಂದಕ್ಕೂ ಇಡ್ತೀನಿ," ಅಂತ ಇವರು ಅವನ ಲ್ಯಾಪ್‌ಟಾಪಿಗೂ ಇಟ್ಟರು. ಅವನು ಅದನ್ನು ಅಳಿಸಲಿಲ್ಲ. ಆ ಬೊಟ್ಟಿನಲ್ಲೇ ಕಾಲೇಜಿಗೆ ಒಯ್ದ.

ಮುಂದಿನ ಶ್ರಾವಣದಲ್ಲಿ ಎಲ್ಲ ಕೆಟ್ಟಿತು.

ಮಧ್ಯಾಹ್ನ. ನಾನು ವರಮಹಾಲಕ್ಷ್ಮಿಗೆ ಅಂತ ದೇವರ ಸಾಮಾನು ಬೆಳಗುತ್ತಿದ್ದೆ. ಹಾಲ್ ಕಡೆಯಿಂದ ಆಂಬುಲೆನ್ಸಿನಂಥ ಸದ್ದು, ಜೊತೆಗೆ ಇಂಗ್ಲಿಷಿನಲ್ಲಿ ಯಾವಳೋ ಗದರಿಸುವ ದನಿ. ಕೈ ತೊಳೆದು ಓಡಿಬಂದರೆ ಪರದೆ ತುಂಬ ಕೆಂಪು. ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕೂಡಲೇ ಫೋನ್ ಮಾಡಿ ಅಂತ ಅದರಲ್ಲಿತ್ತು. ಇವರು ಆಗಲೇ ಮಾಡಿದ್ದರು. ಫೋನನ್ನು ಕಿವಿಗಿಟ್ಟುಕೊಂಡು, "ಮಾತಾಡ್ಬೇಡ, ಸರ್ವೀಸ್ ಇಂಜಿನಿಯರ್ ಲೈನಲ್ಲಿದಾರೆ," ಅಂತ ನನಗೆ ಸನ್ನೆ ಮಾಡಿದರು.

ಇದನ್ನು ಬೇರೆಯವರು ಕೇಳಿದರೆ ದಡ್ಡತನ ಅಂದಾರು. ಅದು ದಡ್ಡತನವಲ್ಲ, ಕಾರ್ಖಾನೆಯ ಅಭ್ಯಾಸ. ಅಲ್ಲಿ ಯಂತ್ರ ಕೆಟ್ಟಾಗ ಹೊರಗಿನಿಂದ ಸರ್ವೀಸ್ ಇಂಜಿನಿಯರ್ ಬರುತ್ತಿದ್ದರಂತೆ. ಬಂದ ಕೂಡಲೇ ಯಂತ್ರವನ್ನು ಅವರ ಕೈಗೆ ಬಿಟ್ಟು, ಇವರು ಹಿಂದೆ ಸರಿದು, ಕೇಳಿದ್ದು ಕೊಟ್ಟುಕೊಂಡು ನಿಲ್ಲಬೇಕು, ಅದು ಮರ್ಯಾದೆ. ಆಯುಷ್ಯವೆಲ್ಲ ಹಾಗೆ ನಿಂತವರು ಇವತ್ತೂ ಹಾಗೇ ಮಾಡಿದ್ದರು. ಫೋನಿನವನು ಹೇಳಿದ್ದನ್ನೆಲ್ಲ ಒತ್ತಿ, ಅವನಿಗೆ ಒಳಗೆ ಬರಲು ದಾರಿ ಮಾಡಿಕೊಟ್ಟು, ಕುರ್ಚಿಯನ್ನೂ ಎರಡು ಗೇಣು ಹಿಂದಕ್ಕೆ ಎಳೆದುಕೊಂಡು ಕೂತಿದ್ದರು. ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡುತ್ತಿತ್ತು. "ಆರಾಮ್ ಸೇ ದೇಖಿಯೇ ಸಾಬ್," ಅಂತ ತಮ್ಮ ಕಾರ್ಖಾನೆಯ ಹಿಂದಿಯಲ್ಲಿ ಅವನಿಗೆ ಉಪಚಾರ ಬೇರೆ.

ಮೈದುನನಿಗೆ ಅಂದು ರಜೆ. ಸದ್ದು ಕೇಳಿ ಮೆಟ್ಟಿಲಿಳಿದು ಬಂದವನು ಪರದೆ ನೋಡಿದ, ಅಣ್ಣನನ್ನು ನೋಡಿದ, ನೆಟ್ಟಗೆ ಹೋಗಿ ಗೋಡೆಯಿಂದ ಪ್ಲಗ್ ಕಿತ್ತ. ಫೋನನ್ನು ಇಸಿದುಕೊಂಡು ಕಟ್ ಮಾಡಿದ.

"ಅಣ್ಣ, ಬ್ಯಾಂಕಿಂದು ಏನಾದ್ರೂ ಹೇಳಿದ್ಯಾ? ಓಟಿಪಿ ಗೀಟಿಪಿ?"

"ಇಲ್ಲ ಕಣೋ. ರಿಪೇರಿ ಮಾಡ್ತೀನಿ ಅಂದ್ರು. ಮಾಡ್ಲಿ ಅಂತ..." ನಡೆದದ್ದೇನು ಅಂತ ಇವರಿಗೆ ಆಗ ಅರ್ಥವಾಯಿತು.

ಏನೂ ಹೋಗಿರಲಿಲ್ಲ. ಮೈದುನ ಅಂದು ಮನೆಯಲ್ಲಿದ್ದ, ಆ ಸದ್ದು ಮೇಲಿನವರೆಗೆ ಕೇಳಿಸಿತು, ಪ್ಲಗ್ ಸಡಿಲವಾಗಿತ್ತು. ದೇವರು ಎಷ್ಟು ಕಡೆ ಕೈ ಹಿಡಿದಿದ್ದ ಅಂತ ನಾನು ಎಣಿಸುತ್ತಿದ್ದೆ. ಇವರು ಮಾತ್ರ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದರು. "ನೀನು ಹೇಳಿದ್ದೇ ಸರಿಯಪ್ಪಾ. ನಾನು ಸೋತೆ. ಇದನ್ನ ತೆಗೆದು ನಿಂದೇ ಹಾಕು," ಅಂದರು.

ಮೈದುನ ನನ್ನ ಮುಖ ನೋಡಿದ. "ಆಯ್ತಣ್ಣ. ಇನ್ಮೇಲೆ ಭಯ ಇಲ್ಲ ಬಿಡು," ಅಂದ. ದೇವರನಾಮಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, ವಿಂಡೋಸನ್ನು ಪೂರ್ತಿ ಅಳಿಸಿ, ಲಿನಕ್ಸ್ ಹಾಕಿ, ಹಾಡುಗಳನ್ನು ವಾಪಸು ಅದರೊಳಗಿಟ್ಟು ಹೋದ.

ಕಂಪ್ಯೂಟರ್ ನಿಜಕ್ಕೂ ಬೇಗ ಏಳುತ್ತಿತ್ತು. ಕೆಂಪು ಪರದೆಯಿಲ್ಲ, ಸೂಚನೆಯಿಲ್ಲ. ಅಡ್ಡಾಡಿದಂತೆ ಬಂದು ನೋಡಲು ಮೈದುನನಿಗೆ ಒಂದು ನೆಪವೂ ಇಲ್ಲ. ಮೊದಮೊದಲು ಬಾಗಿಲಲ್ಲಿ ನಿಂತು, "ಹೆಂಗಿದೆ ಅಣ್ಣ?" ಅನ್ನುತ್ತಿದ್ದ. ಇವರು, "ಚೆನ್ನಾಗೈತಪ್ಪಾ," ಅನ್ನುತ್ತಿದ್ದರು. ಚೆನ್ನಾಗಿದೆ ಅಂದ ಮೇಲೆ ಮುಂದೇನು ಮಾತಾಡುವುದು? ಅವನು ಮೇಲೆ ಹೋಗುತ್ತಿದ್ದ. ಹುರಿದ ಅವರೆಕಾಳು ಡಬ್ಬದಲ್ಲಿ ಮೆತ್ತಗಾಯಿತು. ಆಮೇಲೆ ಒಂದು ಬೆಳಗ್ಗೆ ಅವನು ಅಂಗಳದಲ್ಲಿ ನಿಂತು, "ಅತ್ತಿಗೆ, ಮೋಟರ್ ಹಾಕೋಕೆ ಹೇಳಿ," ಅಂದ.

ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ನನ್ನ ಓರಗಿತ್ತಿ ಹೇಳಿದಳು: "ಅಕ್ಕಾ, ಇವ್ರು ಪೇಪರಲ್ಲಿ ಕಂಪ್ಯೂಟರ್ ಸುದ್ದಿ ಏನಾದ್ರೂ ಬಂದ್ರೆ ಇದನ್ನ ಅಣ್ಣಂಗೆ ಹೇಳ್ಬೇಕು ಅಂತ ಎದ್ದೇಳ್ತಾರೆ. ಬಾಗಿಲ ತನಕ ಹೋಗಿ ವಾಪಸ್ ಬಂದು ಕೂತ್ಕೋತಾರೆ. ಏನಾಯ್ತಕ್ಕಾ?" ಅಣ್ಣ ಸೋತುಬಿಟ್ಟ, ಅದೇ ಆದದ್ದು ಅಂತ ನಾನು ಹೇಗೆ ಹೇಳಲಿ?

ಆಗ ನಾನು ಯಾರೂ ಬೇಡದ್ದನ್ನು ದೇವರಲ್ಲಿ ಬೇಡಿಕೊಂಡೆ. ತಾಯೀ, ಆ ಕಂಪ್ಯೂಟರಿಗೆ ಏನಾದರೂ ಸಣ್ಣದೊಂದು ತೊಂದರೆ ಕೊಡು. ದೊಡ್ಡದು ಬೇಡ. ತಮ್ಮನನ್ನು ಕರೆಸುವಷ್ಟು ಸಾಕು.

ನವರಾತ್ರಿಯ ಭಜನೆಗೆ ಹೊಸ ಹಾಡುಗಳು ಬೇಕು ಅಂತ ಮಂಡಳಿಯವರು ಕೇಳಿದರು. ಇವರು, "ಹಳೇವೇ ಸಾಕು," ಅಂದುಬಿಟ್ಟರು. ಎಂದೂ ಹಾಗನ್ನದವರು. ಒಂದು ಮಧ್ಯಾಹ್ನ ನಾನು ಹಾಲಿಗೆ ಬಂದಾಗ ಇವರು ಪರದೆಯ ಮುಂದೆ ಕೂತಿದ್ದರು. ಅದರ ತುಂಬ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಚುಕ್ಕಿ, ಕಂಸ, ಕೊಕ್ಕೆ. ಒಂದಕ್ಕೊಂದು ಸಂಬಂಧವಿಲ್ಲ.

"ಏನ್ರೀ ಇದು?"

"ನಿಮ್ಮ ದೇವರನಾಮ."

ಇವರು ಟೈಪ್ ಮಾಡಿದ್ದು ವಿಂಡೋಸಿಗೆಂದೇ ಇದ್ದ ಹಳೆಯ ಕನ್ನಡ ಅಕ್ಷರಗಳಲ್ಲಿ. ಆ ಅಕ್ಷರಗಳು ಇಲ್ಲದ ಕಡೆ ಹಾಡುಗಳೆಲ್ಲ ಹೀಗೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತವಂತೆ. ಲಿನಕ್ಸ್ ಹಾಕಿದ ಮೊದಲ ದಿನದಿಂದಲೂ ಹೀಗೇ ಇತ್ತಂತೆ. ನಾನು ಬೇಡುತ್ತಿದ್ದ ತೊಂದರೆ ನಾನು ಬೇಡುವ ಮುಂಚೆಯೇ ಬಂದು ಮನೆಯಲ್ಲಿ ಕೂತಿತ್ತು.

"ನಿಮ್ಮ ತಮ್ಮಂಗೆ ಯಾಕ್ರೀ ಹೇಳ್ಲಿಲ್ಲ?"

"ಬೇಡ ಬಿಡೇ. ಪ್ಲಗ್ ಕಿತ್ತು ಮರ್ಯಾದೆ ಉಳಿಸ್ದ. ಅಷ್ಟು ಕಷ್ಟಪಟ್ಟು ಹಾಕಿಕೊಟ್ಟ. ಈಗ ಹೋಗಿ ನಿಂದು ಸರಿಯಿಲ್ಲ ಅನ್ನೋಕೆ ನನಗ್ಯಾವ ಮುಖ ಐತೆ? ನೀನೂ ಹೇಳ್ಬೇಡ."

ಹಿಂದೆ ಆಗಿದ್ದರೆ ಲಿನಕ್ಸಿಗೆ ಕನ್ನಡ ಓದಲು ಬರುವುದಿಲ್ಲ ಅನ್ನುವ ಒಂದೇ ಮಾತಿನಿಂದ ಇವರು ಒಂದು ತಿಂಗಳು ತಮ್ಮನನ್ನು ಆಡಿಸುತ್ತಿದ್ದರು. ಈಗ ಅದನ್ನು ಮುಚ್ಚಿಟ್ಟುಕೊಂಡು ಕೂತಿದ್ದರು. ಹೇಳುವುದಿಲ್ಲ ಅಂತ ನಾನು ಮಾತು ಕೊಟ್ಟೆ. ಒಳಗೆ ಹೋಗಿ ತಾಯಿಯ ಮುಂದೆ ಕಣ್ಣೊರೆಸಿಕೊಂಡೆ.

ಆಯುಧಪೂಜೆ ಬಂತು. ಇವರು ಬೆಳಗ್ಗೆಯೇ ಸ್ಕೂಟರ್ ತೊಳೆದು ಬಾಳೆಕಂದು ಕಟ್ಟಿದರು. ಈಳಿಗೆಮಣೆ, ಕತ್ತರಿ, ಮಿಕ್ಸಿ, ನನ್ನ ಹೊಲಿಗೆ ಯಂತ್ರ, ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಕಂಪ್ಯೂಟರಿನ ಮುಂದೆ ಹಾದುಹೋದರು, ಹಾದುಬಂದರು, ಬೊಟ್ಟಿಡಲಿಲ್ಲ. ನಾನು ಕುಂಕುಮದ ಬಟ್ಟಲು ಹಿಡಿದು ನಿಂತೇ ಇದ್ದೆ. "ಅದು ಬೇಡ," ಅಂದರು.

ಮಂಗಳಾರತಿಯ ಹೊತ್ತಿಗೆ ಮೈದುನ ಕೆಳಗೆ ಬಂದ. ಹಬ್ಬದ ದಿನ ಹಿರಿಯರ ಮನೆಯಲ್ಲಿ ಆರತಿ ತೆಗೆದುಕೊಳ್ಳುವುದನ್ನು ಅವನು ಬಿಟ್ಟಿರಲಿಲ್ಲ. ಆರತಿ ತೆಗೆದುಕೊಂಡ, ಕಡ್ಲೆಪುರಿ ಇಸಿದುಕೊಂಡ, ಹೊರಡುವವನು ನಿಂತ.

"ಅಣ್ಣ, ಇದಕ್ಕೆ ಬೊಟ್ಟೆಲ್ಲಿ?"

"ನಾನು ಮುಟ್ಟೋ ಆಯುಧಕ್ಕೆ ನಾನು ಪೂಜೆ ಮಾಡ್ತೀನಿ. ಅದನ್ನ ನಾನು ಮುಟ್ತಾ ಇಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ, ಮಳೆ ಬರ್ತಿಲ್ಲ ಅಂದ ಹಾಗೆ ಹೇಳಿದರು. ಮೈದುನ ನನ್ನ ಕಡೆ ನೋಡಿದ. ನಾನು ಮಾತು ಕೊಟ್ಟಿದ್ದೆನಲ್ಲ, ಆರತಿ ತಟ್ಟೆ ನೋಡುತ್ತ ನಿಂತೆ. ಅವನು ಕಡ್ಲೆಪುರಿ ಹಿಡಿದುಕೊಂಡೇ ಕಂಪ್ಯೂಟರಿನ ಪಕ್ಕ ನೆಲದ ಮೇಲೆ ಕೂತ.

"ಅಣ್ಣ, ಅವತ್ತು ನಾನೊಂದು ಮಾತು ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಏನದು?"

"ಅವತ್ತು ಆಗಿದ್ರಲ್ಲಿ ವಿಂಡೋಸ್ ತಪ್ಪೇನೂ ಇರ್ಲಿಲ್ಲ. ಫೋನಲ್ಲಿದ್ದೋನು ಹೇಳಿದ್ದನ್ನೆಲ್ಲ ನಾವೇ ಒತ್ತಿ ಬಾಗಿಲು ತೆಗೆದುಕೊಟ್ರೆ, ಲಿನಕ್ಸಲ್ಲೂ ಹಂಗೇ ಒಳಗೆ ಬರ್ತಿದ್ದ. ಇನ್ಮೇಲೆ ಭಯ ಇಲ್ಲ ಅಂದ್ನಲ್ಲ, ಅದು ಸುಳ್ಳು."

ಇವರು ಅವನ ಕಡೆ ತಿರುಗಿದರು. "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಮೈದುನ ಒಂದೊಂದೇ ಕಡ್ಲೆ ಆರಿಸುತ್ತ ಅಂದ: "ನೀನು ಸೋತೆ ಅಂದ್ಯಲ್ಲ. ಹುಟ್ಟಿದಾಗಿಂದ ನಿನ್ನ ಬಾಯಲ್ಲಿ ಆ ಮಾತು ಕೇಳಿರ್ಲಿಲ್ಲ ಅಣ್ಣ. ಚೆನ್ನಾಗಿತ್ತು. ಆಮೇಲೆ... ಚೆನ್ನಾಗಿರ್ಲಿಲ್ಲ."

ಇವರ ಮುಖ ಕೆಂಪಗಾಗುತ್ತ ಬಂತು. ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ. ದನಿ ಒಮ್ಮೆಗೇ ಎದ್ದಿತು.

"ಅಂದ್ರೆ ಸುಮ್‌ಸುಮ್ನೆ ನನ್ನ ವಿಂಡೋಸ್ ಅಳಿಸಿ ಹಾಕ್ದಾ ನೀನು?"

"ನೀನೇ ತಾನೆ ತೆಗಿ ಅಂದಿದ್ದು!"

"ನಾನು ತೆಗಿ ಅಂದ್ರೆ ತೆಗೆದ್ಬಿಡೋದಾ? ಯಾವತ್ತು ನನ್ನ ಮಾತು ಕೇಳಿದೀಯ, ಅವತ್ತು ಮಾತ್ರ ಕೇಳೋಕೆ? ಬಾ ಇಲ್ಲಿ. ನಿನ್ನ ಲಿನಕ್ಸು ನಮ್ಮ ದೇವರನಾಮಾನ ಏನ್ ಮಾಡಿದೆ ನೋಡು ಬಾ!"

ಕಂಪ್ಯೂಟರಿನ ಗುಂಡಿಗೆ ಕೈ ಹಾಕಿದವರು, ಪೂಜೆಯಾದ ಮೇಲೆ ಈ ದಿನ ಯಂತ್ರ ನಡೆಸುವಂತಿಲ್ಲ ಅಂತ ನೆನಪಾಗಿ, ಕೈ ಹಿಂದೆ ತೆಗೆದುಕೊಂಡರು. ತೋರಿಸುವುದಕ್ಕಾಗದ್ದನ್ನು ಬಾಯಲ್ಲೇ ಹೇಳಿದರು. "ದೇವರ ಹೆಸರಿರೋ ಜಾಗದಲ್ಲಿ ಕೊಕ್ಕೆ ಕಣೋ! ಕಂಸ! ಕನ್ನಡ ಓದೋಕೇ ಬರಲ್ಲ ನಿಂದಕ್ಕೆ. ಇದನ್ನ ಹಿಡ್ಕೊಂಡು ಲೋಕ ಉದ್ಧಾರ ಮಾಡೋಕೆ ಹೊಂಟಿದೀಯ."

"ಬರುತ್ತಣ್ಣ! ನೀನು ಟೈಪ್ ಮಾಡಿರೋದು ಓಬೀರಾಯನ ಕಾಲದ ಫಾಂಟಲ್ಲಿ. ಕೊಡು, ಹೊಸ ಅಕ್ಷರಕ್ಕೆ ಬದಲಾಯಿಸಿ ಕೊಡ್ತೀನಿ."

"ಬದಲಾಯಿಸಿದ್ರೆ ಒತ್ತಕ್ಷರ ಎಲ್ಲ ಎಗರಿ ಹೋಗುತ್ತೆ, ನನಗೆ ಗೊತ್ತು. ಯಾವನೂ ಮುಟ್ಟಂಗಿಲ್ಲ ನನ್ನ ಹಾಡನ್ನ."

ಓರಗಿತ್ತಿ ಸದ್ದು ಕೇಳಿ ಗಾಬರಿಯಿಂದ ಇಳಿದು ಬಂದಳು. ನಾನು ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡೆ. "ಶ್! ಸುಮ್ನಿರು. ಜಗಳ ಆಡ್ತಾ ಇದಾರೆ," ಅಂದೆ. ಅವಳಿಗೆ ಅರ್ಥವಾಯಿತು. ಇಬ್ಬರೂ ಬಾಗಿಲ ಮರೆಯಲ್ಲಿ ನಿಂತು ಕೇಳಿದೆವು. ನಡುವೆ ಒಮ್ಮೆ ಇವರು ಕುಂಕುಮದ ಬಟ್ಟಲಿಗೆ ಕೈಚಾಚಿ, ಮಾತು ನಿಲ್ಲಿಸದೆಯೇ, ಕಂಪ್ಯೂಟರಿನ ನೆತ್ತಿಗೆ ಒಂದು ಬೊಟ್ಟು ಒತ್ತಿದರು.

ಮಾರನೆಯ ದಿನ ವಿಜಯದಶಮಿ, ಹೊಸ ಕೆಲಸಕ್ಕೆ ಒಳ್ಳೆಯ ದಿನ. ಹಾಡುಗಳಿಗೆ ಅಂತ ಹಳೆಯ ವಿಂಡೋಸು, ಅದಕ್ಕೆ ಇಂಟರ್ನೆಟ್ ಕೊಡುವುದೇ ಇಲ್ಲ. ಹೊರಗಿನ ವ್ಯವಹಾರಕ್ಕೆ ಲಿನಕ್ಸು, ಅಂತ ಜಗಳದ ಕೊನೆಗೆ ತೀರ್ಮಾನವಾಗಿತ್ತು. ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರಬಹುದಂತೆ. ಮೈದುನ ಬೆಳಗ್ಗೆಯೇ ಬಂದು ಕೂತ. ಏನೇನೋ ಒತ್ತಿದ. ಆಮೇಲೆ, ಯೋಚನೆಯಿಲ್ಲದೆ, "ಮೊದ್ಲು ಡಿಸ್ಕನ್ನ ಎರಡು ಪಾಲು ಮಾಡ್ಬೇಕಣ್ಣ," ಅಂದುಬಿಟ್ಟ.

ಅಂದವನೇ ನಾಲಗೆ ಕಚ್ಚಿಕೊಂಡ. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಮಾಡು ಮಾಡು," ಅಂದರು ಇವರು. "ನಮಗೇನು ಹೊಸದಾ?"

ಇಬ್ಬರಲ್ಲಿ ಯಾರು ಮೊದಲು ನಕ್ಕರು ಅಂತ ನನಗೆ ಗೊತ್ತಾಗಲಿಲ್ಲ. ಇವರಿಗೆ ನಕ್ಕು ನಕ್ಕು ಕೆಮ್ಮು ಬಂದು, ನಾನು ನೀರು ತಂದುಕೊಡಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಆನ್ ಮಾಡಿದರೆ ಪರದೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು ಬರುತ್ತವೆ. ನಮಗೆ ಬೇಕಾದ್ದನ್ನು ಆರಿಸಬೇಕು. ಏನೂ ಒತ್ತದಿದ್ದರೆ ಮೇಲಿನದು ತಾನಾಗಿ ಎದ್ದು ಬರುತ್ತದಂತೆ. ಮೇಲೆ ಲಿನಕ್ಸ್ ಇತ್ತು.

"ಲೋ, ದೊಡ್ಡೋನು ನಾನು. ನಂದು ಮೇಲೆ ಬರ್ಬೇಕು."

"ಮೇಲಿಂದು ನಂಗೆ ಅಂತ ಸಹಿ ಹಾಕಿದೀಯಣ್ಣ ನೀನು."

"ಅದು ಮನೆ ಕಣೋ!"

"ಸಹಿ ಅಂದ್ರೆ ಸಹಿ. ಅತ್ತಿಗೆ, ನೀವೇ ಹೇಳಿ, ನೀವು ಯಾರ ಕಡೆ?"

"ಎಲೆ ಹಾಕಿದೀನಿ ಕಣಪ್ಪಾ. ಮೊದ್ಲು ಯಾರು ಎದ್ದು ಬರ್ತೀರೋ ಅವ್ರ ಕಡೆ," ಅಂದೆ.

ಇಬ್ಬರೂ ಏಳಲಿಲ್ಲ. ನಾನು ಸಾರನ್ನು ಮತ್ತೆ ಒಲೆಯ ಮೇಲಿಟ್ಟೆ.